ಇಳಿಯುತ್ತಿದ್ದ ತೂಕ ನಿಂತುಹೋದಾಗ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರು 46 ವರ್ಷದ ಮಹಿಳೆ. ದಿನದ ಬಹುಭಾಗ ಕುಳಿತೇ ಮಾಡುವ ಉದ್ಯೋಗ. ಎತ್ತರ 160 ಸೆಂಟಿಮೀಟರ್. ಎರಡು ವರ್ಷಗಳ ಹಿಂದೆ 92 ಕಿಲೋ ಇದ್ದ ತೂಕವನ್ನು ಊಟದ ಹಿಡಿತದಿಂದ, ದಿನಕ್ಕೊಂದು ಗಂಟೆಯ ನಡಿಗೆಯಿಂದ 79 ಕಿಲೋಗೆ ಇಳಿಸಿದ್ದರು. ಆಮೇಲೆ ಎಂಟು ತಿಂಗಳು ತಕ್ಕಡಿಯ ಮುಳ್ಳು ಅಲ್ಲಿಂದ ಕದಲಲಿಲ್ಲ. ಮೊದಲು ರಾತ್ರಿಯ ಊಟ ಅರ್ಧವಾಯಿತು, ನಂತರ ಬೆಳಗಿನ ತಿಂಡಿ ನಿಂತಿತು, ನಡಿಗೆ ಒಂದೂವರೆ ಗಂಟೆಗೆ ಏರಿತು. ಆದರೂ ತೂಕ ಅಷ್ಟೇ. ನನ್ನಲ್ಲಿಗೆ ಬಂದಾಗ ಅವರು ದಿನಕ್ಕೆ ಮೂರು ನಾಲ್ಕು ಸಲ ತಕ್ಕಡಿ ಹತ್ತುತ್ತಿದ್ದರು. "ನೀರು ಕುಡಿದರೂ ಮೈಗೆ ಹತ್ತುತ್ತದೆ, ನನ್ನ ಮೆಟಬಾಲಿಸಂ ಕೆಟ್ಟುಹೋಗಿದೆ, ಇನ್ನೇನು ಬಿಡಬೇಕು ಹೇಳಿ" ಎಂಬುದು ಅವರ ಮೊದಲ ಮಾತು.

ಇನ್ನೇನನ್ನು ಬಿಡಬೇಕೆಂದು ನಾನು ಹೇಳಲಿಲ್ಲ. ಬದಲಾವಣೆಯ ಮಾತಿಗೆ ಮುನ್ನ ನೋಡಬೇಕಾದ ಎರಡು ಸಂಗತಿಗಳಿದ್ದವು. ಒಂದನೆಯದು ವೈದ್ಯರಿಗೆ ಸೇರಿದ್ದು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದ್ದರೆ, ಸ್ಟೀರಾಯ್ಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಮನೋರೋಗಗಳಿಗೆ ಕೊಡುವ ಕೆಲವು ಔಷಧಗಳು ನಡೆಯುತ್ತಿದ್ದರೆ ತೂಕ ಇಳಿಯುವುದು ಕಷ್ಟವಾಗುತ್ತದೆ; ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನೂ ಪರಿಶೀಲಿಸಬೇಕು. ಇವರ ವೈದ್ಯರು ಇವೆಲ್ಲವನ್ನೂ ನೋಡಿ, ಅಂಥ ಕಾರಣವಿಲ್ಲವೆಂದು ಖಚಿತಪಡಿಸಿದ್ದರು. ಎರಡನೆಯದು ನನ್ನ ಕೆಲಸ. ಊಟ ಬಿಡುವುದು, ಪದೇ ಪದೇ ತೂಗಿಕೊಳ್ಳುವುದು, ತಿಂದಾಗ ತಪ್ಪಿತಸ್ಥಭಾವ, ಇವು ಒಟ್ಟಿಗೆ ಕಂಡಾಗ ಆಹಾರಸೇವನೆಯ ಮಾನಸಿಕ ಕಾಯಿಲೆ ಬೇರೂರುತ್ತಿದೆಯೇ ಎಂದು ಕೇಳದೆ ಮುಂದುವರಿಯಬಾರದು. ಹಿಡಿತ ತಪ್ಪಿ ತಿನ್ನುವುದು, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಮಾತ್ರೆಗಳಿಂದ ಭೇದಿ ಮಾಡಿಕೊಳ್ಳುವುದು ಇವರಲ್ಲಿ ಇರಲಿಲ್ಲ. ಇದ್ದಿದ್ದರೆ ತೂಕದ ಮಾತನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ.

ಅನಂತರ ಒಂದು ಹಾಳೆಯ ಮೇಲೆ ಇಬ್ಬರೂ ಕೂಡಿ ಲೆಕ್ಕ ಹಾಕಿದೆವು. ಆಹಾರ ತಜ್ಞರು ಸಾಮಾನ್ಯವಾಗಿ ಬಳಸುವ, 1990ರಲ್ಲಿ ಪ್ರಕಟವಾದ ಮಿಫ್ಲಿನ್ ಸೂತ್ರದಂತೆ 92 ಕಿಲೋ ತೂಕವಿದ್ದಾಗ ಇವರ ದೇಹ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1,540 ಕ್ಯಾಲೊರಿ ಖರ್ಚು ಮಾಡುತ್ತಿತ್ತು. ಓಡಾಟವನ್ನೂ ಸೇರಿಸಿದರೆ ಒಟ್ಟು ಖರ್ಚು 2,150ರ ಆಸುಪಾಸು. ಆಗ 1,600 ಕ್ಯಾಲೊರಿಯಷ್ಟು ಉಣ್ಣುತ್ತಿದ್ದುದರಿಂದ ದಿನಕ್ಕೆ 550ರಷ್ಟು ಕೊರತೆ ಬೀಳುತ್ತಿತ್ತು, ತೂಕ ಇಳಿಯಿತು. 79 ಕಿಲೋಗೆ ಬಂದಾಗ ಅದೇ ಸೂತ್ರದ ಪ್ರಕಾರ ಒಟ್ಟು ಖರ್ಚು 1,950ಕ್ಕೆ ಇಳಿದಿರುತ್ತದೆ. ಚಿಕ್ಕದಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಅದೇ ದಾರಿಯನ್ನು ನಡೆಯಲೂ ಕಡಿಮೆ ಶಕ್ತಿ ಸಾಕು. ಇದರಲ್ಲಿ ಯಾವ ರೋಗವೂ ಇಲ್ಲ.

ಸೂತ್ರ ಹಿಡಿಯಲಾರದ ಇನ್ನೊಂದು ಪಾಲೂ ಇದೆ. ತೂಕದ ಶೇ. 10ರಷ್ಟನ್ನು ಇಳಿಸಿ ಅಲ್ಲಿಯೇ ಉಳಿದವರ ಶಕ್ತಿವ್ಯಯವು ಅವರ ಹೊಸ ಗಾತ್ರದಿಂದ ನಿರೀಕ್ಷಿಸುವುದಕ್ಕಿಂತಲೂ ಕಡಿಮೆಯಾಗಿರುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕ ರುಡಾಲ್ಫ್ ಲೈಬೆಲ್ ಮತ್ತು ಸಂಗಡಿಗರು 1995ರಲ್ಲಿಯೇ ಅಳೆದು ತೋರಿಸಿದ್ದಾರೆ. ಹಸಿವಿನ ಕಡೆಯೂ ಹಾಗೆಯೇ: 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿದವರಲ್ಲಿ ಹಸಿವನ್ನು ಕೆರಳಿಸುವ ಗ್ರೆಲಿನ್ ಏರಿ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್‌ನಂಥ ಹಾರ್ಮೋನುಗಳು ತಗ್ಗಿದವು, ಒಂದು ವರ್ಷ ಕಳೆದರೂ ಅವು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ದೇಹ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಎರಡೂ ಕಡೆಯಿಂದ ಎಳೆಯುತ್ತಿರುತ್ತದೆ. ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಎಂಟು ತಿಂಗಳಿಂದ ತಮ್ಮ ಮನೋಬಲವೇ ಸೋತಿದೆ ಎಂದು ನಂಬಿದ್ದವರಿಗೆ, ಇಷ್ಟು ಎಳೆತದ ನಡುವೆಯೂ 13 ಕಿಲೋ ಇಳಿಕೆಯನ್ನು ಎಂಟು ತಿಂಗಳು ಉಳಿಸಿಕೊಂಡದ್ದೇ ದೊಡ್ಡ ಕೆಲಸವೆಂದು ಯಾರೂ ಹೇಳಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯಿತು. ಗಾತ್ರದ ಲೆಕ್ಕಕ್ಕಿಂತಲೂ ಹೆಚ್ಚಾಗಿ ಖರ್ಚು ತಗ್ಗುವ ಈ ಪಾಲನ್ನು ಕಳೆದರೂ ಇವರ ಖರ್ಚು 1,800ರ ಹತ್ತಿರ ಇರಬೇಕು; ಇವರ ಅಂದಾಜಿನಂತೆ ಉಣ್ಣುವುದು 1,300 ಮಾತ್ರ. ಹಾಗಿದ್ದರೆ ತೂಕ ನಿಲ್ಲಬಾರದಿತ್ತು. ಈ ಹಂತದಲ್ಲಿ ಸಲಹೆಗಾರರ ಮಾತು ಬಹಳ ಎಚ್ಚರದಿಂದ ಬರಬೇಕು, ಏಕೆಂದರೆ ಎದುರಿಗಿರುವವರಿಗೆ ಅದು ಸುಳ್ಳು ಹೇಳಿದ ಆರೋಪದಂತೆ ಕೇಳಿಸಬಹುದು. ಪಥ್ಯಕ್ಕೂ ಬಗ್ಗದ ಬೊಜ್ಜು ತಮ್ಮದೆಂದು ನಂಬಿದ್ದವರನ್ನು 1992ರಲ್ಲಿ ನಿಖರವಾಗಿ ಪರೀಕ್ಷಿಸಿದಾಗ, ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ಮಾಡಿದ ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ಹೇಳಿದ್ದು ಕಂಡುಬಂತು. ಅವರ ಚಯಾಪಚಯ, ಅಂದರೆ ದೇಹ ಶಕ್ತಿಯನ್ನು ಬಳಸುವ ಕ್ರಿಯೆ (ಮೆಟಬಾಲಿಸಂ), ಸರಿಯಾಗಿಯೇ ಇತ್ತು. ನನ್ನ ಅನುಭವದಲ್ಲಿ ಇದು ಅಪ್ರಾಮಾಣಿಕತೆಯ ಪುರಾವೆಯಾಗುವುದು ಅಪರೂಪ. ನೆನಪಿನಿಂದ ಆಹಾರವನ್ನು ಅಳೆಯುವುದು ಯಾರಿಗೂ, ಆಹಾರ ತಜ್ಞರಿಗೂ, ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಎರಡು ವಾರ ಏನನ್ನೂ ಬದಲಿಸದೆ, ಎಣ್ಣೆಯನ್ನೂ ಸೇರಿಸಿ ಎಲ್ಲವನ್ನೂ ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಓದುವಾಗ ನಾನು ತೀರ್ಪು ಕೊಡುವುದಿಲ್ಲ ಎಂದು ಕೇಳಿಕೊಂಡೆ.

ಬರೆದು ತಂದ ಪುಸ್ತಕದಲ್ಲಿ ವಿಷಯ ನಿಚ್ಚಳವಾಗಿತ್ತು. ಕೆಲಸದ ಐದು ದಿನ ದಿನಕ್ಕೆ 1,450ರಷ್ಟು, ರಜೆಯ ಎರಡು ದಿನ 2,500ರಷ್ಟು. ವಾರದ ಸರಾಸರಿ 1,750. ವಾರವಿಡೀ ಹಸಿದಿದ್ದ ದೇಹ ಶನಿವಾರ ಬಂದೊಡನೆ ತನ್ನ ಬಾಕಿಯನ್ನು ವಸೂಲು ಮಾಡುತ್ತಿತ್ತು. ಪಾತ್ರೆ ತೊಳೆಯುವ ಮುನ್ನ ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುವುದು, ರುಚಿ ನೋಡುವುದು, ಒಗ್ಗರಣೆಗೆ ಬೀಳುವ ಎಣ್ಣೆ, ಇವು ಮೊದಲಿನ ಲೆಕ್ಕದಲ್ಲಿ ಇರಲೇ ಇಲ್ಲ. ಕೈಗಡಿಯಾರವು ಒಂದು ಗಂಟೆಯ ನಡಿಗೆಗೆ 400 ಕ್ಯಾಲೊರಿ ತೋರಿಸುತ್ತಿತ್ತು; ಆ ಗಂಟೆ ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದರೆ, 79 ಕಿಲೋ ತೂಕದವರ ಸಾಧಾರಣ ವೇಗದ ನಡಿಗೆಗೆ 200ಕ್ಕಿಂತ ಹೆಚ್ಚು ಸಲ್ಲುವುದಿಲ್ಲ. ಒಂದೂವರೆ ಗಂಟೆ ನಡೆದ ದಣಿವಿನಿಂದ ದಿನದ ಉಳಿದ ಓಡಾಟ ತಾನಾಗಿಯೇ ಕುಗ್ಗಿತ್ತು ಎಂಬುದು ಅವರು ಬರೆದಿಟ್ಟ ಹೆಜ್ಜೆಗಳ ಲೆಕ್ಕದಲ್ಲೇ ಇತ್ತು. ರಾತ್ರಿಯ ನಿದ್ರೆ ಐದೂವರೆ ಗಂಟೆ ಮಾತ್ರ.

ಇಷ್ಟು ತಿಳಿದ ಮೇಲೆ ನಾನು ಕೊಟ್ಟ ಮೊದಲ ಸಲಹೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಎಂಟು ವಾರ ತೂಕ ಇಳಿಸುವ ಪ್ರಯತ್ನವನ್ನೇ ನಿಲ್ಲಿಸಿ, ಈಗ ಸರಾಸರಿಯಾಗಿ ಉಣ್ಣುತ್ತಿರುವ 1,750 ಕ್ಯಾಲೊರಿಯನ್ನೇ ಏಳೂ ದಿನಗಳಿಗೆ ಸಮವಾಗಿ ಹಂಚಿ, ಬಿಟ್ಟಿದ್ದ ಬೆಳಗಿನ ತಿಂಡಿಯನ್ನು ಮರಳಿ ಆರಂಭಿಸಿ ಎಂದೆ. ಪಥ್ಯಕ್ಕೆ ನಡುನಡುವೆ ಬಿಡುವು ಕೊಟ್ಟವರಲ್ಲಿ ಹೆಚ್ಚು ಇಳಿಕೆ ಕಂಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಗಿದೆಯಾದರೂ, ನಂತರದ ಕೆಲವು ಪ್ರಯೋಗಗಳಲ್ಲಿ ಬಿಡುವಿನಿಂದ ಚಯಾಪಚಯಕ್ಕೆ ವಿಶೇಷ ಲಾಭ ಕಾಣಲಿಲ್ಲ. ಆ ಕಾರಣಕ್ಕಾಗಿ ನಾನು ಇದನ್ನು ಸೂಚಿಸಲಿಲ್ಲ. ಹಸಿವಿನ ಐದು ದಿನ, ಅತಿಯಾದ ಎರಡು ದಿನ ಎಂಬ ಚಕ್ರ ಮುರಿಯದೆ ಇನ್ನಷ್ಟು ಕಡಿತ ಮಾಡಿದರೆ ಚಕ್ರ ಮತ್ತಷ್ಟು ಜೋರಾಗಿ ತಿರುಗುತ್ತದೆ ಎಂಬುದು ನನ್ನ ಕಾರಣ. ಅಲ್ಲದೆ, ಇಂದಲ್ಲ ನಾಳೆ ಯಾವುದೋ ಒಂದು ತೂಕದಲ್ಲಿ ನೆಲೆ ನಿಲ್ಲಲೇಬೇಕು. ನಿಲ್ಲುವುದೂ ಕಲಿಯಬೇಕಾದ ಕೌಶಲ್ಯವೇ. "ಬೆಳಗ್ಗೆ ತಿಂದರೆ ತೂಕ ಏರುವುದಿಲ್ಲವೇ" ಎಂದು ಅವರು ಕೇಳಿದರು. ಮೊದಲ ವಾರ ಅರ್ಧ ಮುಕ್ಕಾಲು ಕಿಲೋ ಏರಬಹುದು, ಏಕೆಂದರೆ ದೇಹದಲ್ಲಿ ಮತ್ತೆ ಕೂಡುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ, ಅದು ಕೊಬ್ಬಲ್ಲ ಎಂದು ಮುಂಚಿತವಾಗಿಯೇ ಹೇಳಿಟ್ಟೆ. ಹೀಗೆ ಮೊದಲೇ ಹೇಳದಿದ್ದರೆ ಆ ಏರಿಕೆ ಕಂಡ ದಿನವೇ ಜನ ಸಲಹೆಯನ್ನು ಕೈಬಿಡುತ್ತಾರೆ.

ಕ್ಯಾಲೊರಿಯ ಮೊತ್ತ ಬದಲಾಗದಿದ್ದರೂ ಅದರೊಳಗಿನ ಹಂಚಿಕೆ ಬದಲಾಯಿತು. ಇವರ ಊಟದಲ್ಲಿ ಪ್ರೋಟೀನ್ ದಿನಕ್ಕೆ 50 ಗ್ರಾಂ ಕೂಡ ಇರಲಿಲ್ಲ. ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ನಲವತ್ತು ದಾಟಿದ ಮಹಿಳೆಯರಲ್ಲಿ ಈ ನಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಮೂತ್ರಪಿಂಡದ ತೊಂದರೆ ಇಲ್ಲವೆಂದು ವೈದ್ಯರಿಂದ ತಿಳಿದುಕೊಂಡ ಮೇಲೆ, ದೇಹತೂಕದ ಪ್ರತಿ ಕಿಲೋಗೆ 1.2 ಗ್ರಾಂನಂತೆ ದಿನಕ್ಕೆ ಸುಮಾರು 95 ಗ್ರಾಂ ಪ್ರೋಟೀನನ್ನು ಮೂರು ಊಟಗಳಿಗೆ ಹಂಚಿದೆವು. ಕಾಳುಗಳು, ಹಾಲಿನ ಉತ್ಪನ್ನ, ಮೊಟ್ಟೆ ಇವುಗಳಲ್ಲಿ ಅವರಿಗೆ ಒಗ್ಗಿದ್ದನ್ನು ಅವರೇ ಆರಿಸಿದರು. ತಟ್ಟೆಯ ಅರ್ಧ ತರಕಾರಿ ಎಂಬುದು ಅವರಿಗೆ ಹೊಸದೇನಾಗಿರಲಿಲ್ಲ.

ವ್ಯಾಯಾಮದಲ್ಲಿ ಕೂಡಿಸುವುದಕ್ಕಿಂತ ಮೊದಲು ಕಳೆದೆವು. ಒಂದೂವರೆ ಗಂಟೆಯ ನಡಿಗೆಯನ್ನು 45 ನಿಮಿಷಕ್ಕೆ ಇಳಿಸಿ, ಉಳಿದ ಸಮಯದಲ್ಲಿ ವಾರಕ್ಕೆ ಎರಡು ದಿನ ಅರ್ಧ ಗಂಟೆ ಸ್ನಾಯುಬಲದ ವ್ಯಾಯಾಮ ಇಟ್ಟುಕೊಂಡೆವು: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದೂಡುವುದು, ಭಾರ ಎತ್ತುವುದು, ವಾರ ಕಳೆದಂತೆ ಭಾರವನ್ನು ತುಸುವೇ ಹೆಚ್ಚಿಸುವುದು. ವಾರಕ್ಕೆ ಕನಿಷ್ಠ ಎರಡು ದಿನ ಇಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಸ್ನಾಯು ಬೆಳೆದರೆ ಕುಳಿತಲ್ಲೇ ಕೊಬ್ಬು ಉರಿಯುತ್ತದೆ ಎಂಬ ಮಾತನ್ನು ಅವರು ಕೇಳಿದ್ದರು. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲೊರಿ ಮಾತ್ರವೆಂದು ತಿಳಿಸಿದೆ. ಈ ವ್ಯಾಯಾಮ ಬೇಕಾಗಿರುವುದು ಕ್ಯಾಲೊರಿ ಉರಿಸಲಿಕ್ಕಲ್ಲ. ಇಳಿಯುವ ತೂಕ ಸ್ನಾಯುವಿನಿಂದ ಹೋಗದೆ ಕೊಬ್ಬಿನಿಂದ ಹೋಗಲಿ, ಮೆಟ್ಟಿಲು ಹತ್ತುವ ಕಾಲಿಗೆ ಕಸುವಿರಲಿ ಎಂಬುದಕ್ಕೆ.

ನಿದ್ರೆಯ ವಿಷಯವನ್ನು ಅವರು ಮುಖ್ಯವೆಂದು ಎಣಿಸಿರಲಿಲ್ಲ. 2010ರ ಒಂದು ಚಿಕ್ಕ ಪ್ರಯೋಗದಲ್ಲಿ, ಒಂದೇ ಬಗೆಯ ಮಿತ ಆಹಾರದಲ್ಲಿದ್ದವರು ಎಂಟೂವರೆ ಗಂಟೆಯ ಬದಲು ಐದೂವರೆ ಗಂಟೆ ಮಲಗುವ ಅವಕಾಶ ಪಡೆದಾಗ, ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಶೇ. 55ರಷ್ಟು ಕುಗ್ಗಿತು, ಹಸಿವೂ ಹೆಚ್ಚಿತು. ಬೆಳಗಿನ ಜಾವದ ನಡಿಗೆಗಾಗಿಯೇ ಬೇಗ ಏಳುತ್ತಿದ್ದ ಇವರಿಗೆ, ನಡಿಗೆ ಕಡಿಮೆಯಾದಾಗ ಒಂದು ಗಂಟೆಯ ನಿದ್ರೆ ಮರಳಿ ಸಿಕ್ಕಿತು. ತಕ್ಕಡಿಯನ್ನು ವಾರಕ್ಕೆ ಮೂರು ಬೆಳಗ್ಗೆ ಮಾತ್ರ ಹತ್ತಿ, ಸರಾಸರಿಯನ್ನಷ್ಟೇ ಬರೆಯಬೇಕು. ಸೊಂಟದ ಸುತ್ತಳತೆಯನ್ನು ಎರಡು ವಾರಕ್ಕೊಮ್ಮೆ ನೋಡಬೇಕು ಎಂದು ಒಪ್ಪಂದವಾಯಿತು. ಈ ಇಡೀ ಪ್ರಕರಣದಲ್ಲಿ ಅವರಿಗೆ ಅತ್ಯಂತ ಕಷ್ಟವಾದದ್ದು ಊಟವಲ್ಲ, ಈ ಒಪ್ಪಂದ. ಮೊದಲ ಮೂರು ವಾರ ತಕ್ಕಡಿಯನ್ನು ಮನೆಯವರು ಕಪಾಟಿನಲ್ಲಿ ಬೀಗ ಹಾಕಿಡಬೇಕಾಯಿತು.

ಎಂಟು ವಾರಗಳ ಕೊನೆಯಲ್ಲಿ ತೂಕ 78.8 ಕಿಲೋ, ಮೊದಲ ವಾರ ಏರಿದ್ದ 700 ಗ್ರಾಂ ಮರಳಿ ಇಳಿದಿತ್ತು. ಸೊಂಟ ಮೂರು ಸೆಂಟಿಮೀಟರ್ ಕಿರಿದಾಗಿತ್ತು, ರಜೆಯ ದಿನಗಳ ಅತಿಸೇವನೆ ತಾನಾಗಿಯೇ ನಿಂತಿತ್ತು. ಆಮೇಲೆ ಮಾತ್ರ ದಿನಕ್ಕೆ 200 ಕ್ಯಾಲೊರಿಯಷ್ಟು ಸಣ್ಣ ಕಡಿತವನ್ನು ಸೂಚಿಸಿದೆ. 7,700 ಕ್ಯಾಲೊರಿಗೆ ಒಂದು ಕಿಲೋ ಎಂಬ ಹಳೆಯ ಲೆಕ್ಕ ಹಿಡಿದರೆ ವರ್ಷಕ್ಕೆ ಒಂಬತ್ತು ಕಿಲೋ ಇಳಿಯಬೇಕು. ಆದರೆ ತೂಕ ಇಳಿದಂತೆ ಖರ್ಚೂ ಇಳಿಯುವುದನ್ನು ಲೆಕ್ಕಕ್ಕೆ ತಂದ ಸಂಶೋಧಕ ಕೆವಿನ್ ಹಾಲ್ ಅವರ 2011ರ ಗಣಿತದ ಮಾದರಿಯಂತೆ ಮೊದಲ ವರ್ಷದಲ್ಲಿ ನಿರೀಕ್ಷಿಸಬಹುದಾದದ್ದು ನಾಲ್ಕು ಕಿಲೋ ಮಾತ್ರ. ನಾನು ಎರಡನೆಯ ಅಂಕಿಯನ್ನೇ ಹೇಳಿದೆ. ಅವರ ಮುಖ ಬಾಡಿತು, ನಿಜ. ಆದರೆ ಒಂಬತ್ತು ಎಂದು ಆಸೆ ಹುಟ್ಟಿಸಿ ಕಳಿಸಿದ್ದರೆ ಆರನೆಯ ತಿಂಗಳಿಗೆ ಅವರು ಮತ್ತೆ ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು.

ನಡುವೆ ಅವರು ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ಕೇಳಿದರು. ಅದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ, ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅವರ ದೇಹತೂಕ ಸೂಚ್ಯಂಕ (ಬಿಎಂಐ) 30ಕ್ಕಿಂತ ಮೇಲಿದ್ದುದರಿಂದ ವೈದ್ಯರೊಡನೆ ಚರ್ಚಿಸಬಹುದಾದ ವಿಷಯವೇ ಅದು. ಅಂಥ ಚುಚ್ಚುಮದ್ದುಗಳಲ್ಲೊಂದಾದ ಸೆಮಾಗ್ಲುಟೈಡ್ ಔಷಧದ 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿಕೆ ಕಂಡಿದೆ. ಆ ಔಷಧದಲ್ಲೂ ತೂಕ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಔಷಧ ನಿಲ್ಲಿಸಿದ ವರ್ಷದೊಳಗೆ ಇಳಿದದ್ದರ ಮೂರನೆಯ ಎರಡು ಪಾಲು ಮರಳಿ ಬಂದದ್ದೂ ದಾಖಲಾಗಿದೆ. ಇದನ್ನೆಲ್ಲ ವೈದ್ಯರಿಂದ ಕೇಳಿ ತಿಳಿದು ಸದ್ಯಕ್ಕೆ ಬೇಡವೆಂದರು. ಆ ನಿರ್ಧಾರ ಅವರದು. ಬೇಕೆಂದಿದ್ದರೂ ನನ್ನ ಬೆಂಬಲ ಇರುತ್ತಿತ್ತು.

ಆರು ತಿಂಗಳ ನಂತರ ತೂಕ 76.5 ಕಿಲೋ. ಆರಂಭದಿಂದ ಲೆಕ್ಕ ಹಿಡಿದರೆ ಶೇ. 17ರಷ್ಟು ಇಳಿಕೆ. 2002ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ಚಟುವಟಿಕೆಯ ಗುರಿಯೇ ಮಧುಮೇಹ ಬರುವ ಸಂಭವವನ್ನು ಶೇ. 58ರಷ್ಟು ತಗ್ಗಿಸಿತ್ತು ಎಂದು ತಿಳಿದಾಗ, ಮದುವೆಯ ಕಾಲದ 60 ಕಿಲೋ ಬೇಕೆಂಬ ಹಟವನ್ನು ಅವರು ತಾವಾಗಿಯೇ ಬಿಟ್ಟರು. ಸದ್ಯ ಮೂರು ತಿಂಗಳು ಈ ತೂಕದಲ್ಲಿಯೇ ನಿಲ್ಲುವುದು, ವಾರದ ಸರಾಸರಿ 78 ದಾಟಿದರೆ ಮತ್ತೆ ಎರಡು ವಾರ ತೂಗಿ ಬರೆಯುವುದು, 79 ದಾಟಿದರೆ ತಡಮಾಡದೆ ಬಂದು ಕಾಣುವುದು ಎಂದು ಮಾತಾಗಿದೆ. ಎತ್ತುವ ಭಾರವನ್ನು ಈ ತಿಂಗಳು ಇನ್ನೊಂದು ಕಿಲೋ ಹೆಚ್ಚಿಸಲು ಅವರೇ ಕೇಳಿದ್ದಾರೆ.