ಲಿವರ್ ಕ್ಯಾನ್ಸರ್ ಮತ್ತೆ ಬರುತ್ತಾ? ರಕ್ತದಲ್ಲಿ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹೆಪಟೈಟಿಸ್ ಬಿ ಇದೆ. ಮೂರು ತಿಂಗಳ ಹಿಂದೆ ಲಿವರ್ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ತೆಗೆದಿದ್ದಾರೆ. ಎಎಫ್‌ಪಿ (ಲಿವರ್ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್) ಆಗಲೂ ನಾರ್ಮಲ್ ಇತ್ತು, ಈಗಲೂ ನಾರ್ಮಲ್. ‘ಮಿಥೈಲೇಷನ್ ಟೆಸ್ಟ್’ ಮಾಡಿಸಿದರೆ ಕಾಯಿಲೆ ಮರಳುತ್ತೋ ಇಲ್ಲವೋ ತಿಳಿಯುತ್ತೆ ಅಂತ ನೆಂಟರೊಬ್ಬರು ಹೇಳಿದರು. ಮಾಡಿಸಬೇಕಾ? ಮಕ್ಕಳಾದ ನಮಗೂ ಇದು ಬರುತ್ತಾ?

ಉತ್ತರ: ಎಎಫ್‌ಪಿ ನಾರ್ಮಲ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಗಡ್ಡೆ ಇದ್ದಾಗಲೇ ಅದು ಏರಿರಲಿಲ್ಲ ಅಲ್ವಾ? ಲಿವರ್ ಕ್ಯಾನ್ಸರ್ ಇರುವ ಹತ್ತು ಜನರಲ್ಲಿ ಮೂರ್ನಾಲ್ಕು ಮಂದಿಗೆ ಹೀಗೇ. ಅಂಥವರಿಗೆ ಬೇರೆ ಗುರುತು ಬೇಕು ಅಂತಲೇ ಮಿಥೈಲೇಷನ್ ಮೇಲೆ ಇಷ್ಟೊಂದು ಸಂಶೋಧನೆ ನಡೆಯುತ್ತಿದೆ.

ಅದು ಏನೆಂದರೆ, ಜೀನ್ ಕೆಟ್ಟಿರುವುದಿಲ್ಲ, ಅದರ ಮೇಲೆ ಬೀಗ ಬಿದ್ದಿರುತ್ತದೆ. ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಡಿಎನ್‌ಎಯ ‘ಸಿ’ ಅಕ್ಷರಕ್ಕೆ ಅಂಟಿಕೊಂಡು ಜೀನನ್ನು ಸುಮ್ಮನಾಗಿಸುತ್ತದೆ. ಲಿವರ್ ಕ್ಯಾನ್ಸರ್‌ನಲ್ಲಿ ಆರ್‌ಎಎಸ್‌ಎಸ್‌ಎಫ್1ಎ ಎಂಬ ಕಾವಲುಗಾರ ಜೀನ್‌ಗೆ ಹೀಗೆ ಬೀಗ ಬೀಳುವುದು ಬಹಳ ಸಾಮಾನ್ಯ. ಗಡ್ಡೆಯ ಜೀವಕೋಶ ಸತ್ತಾಗ ಈ ಬೀಗದ ಸಮೇತ ಡಿಎನ್‌ಎ ಚೂರು ರಕ್ತಕ್ಕೆ ಸೇರುತ್ತದೆ. ಲ್ಯಾಬಿನಲ್ಲಿ ಆ ಚೂರುಗಳಿಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದರೆ ಬೀಗವಿಲ್ಲದ ‘ಸಿ’ ಬದಲಾಗುತ್ತದೆ, ಬೀಗವಿದ್ದದ್ದು ಹಾಗೇ ಉಳಿಯುತ್ತದೆ. ಎಣಿಸುವುದು ಆ ಉಳಿದದ್ದನ್ನೇ. 2008ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಹೆಪಟೈಟಿಸ್ ಬಿ ಇದ್ದ ಲಿವರ್ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಬೀಗ ಬಿದ್ದ ಈ ಜೀನ್‌ನ ಚೂರುಗಳನ್ನು ಅಳೆದರು. ಪ್ರಮಾಣ ಜಾಸ್ತಿ ಇದ್ದವರಿಗೆ ಕಾಯಿಲೆ ಬೇಗ ಮರಳುತ್ತಿತ್ತು. ಹಾಗಾಗಿ ನಿಮ್ಮ ನೆಂಟರ ಮಾತಿನಲ್ಲಿ ಹುರುಳಿದೆ.

ಆದರೂ ಈಗ ಅದಕ್ಕೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ಟೆಸ್ಟ್ ಪಾಸಿಟಿವ್ ಬಂತು ಅಂತಿಟ್ಟುಕೊಳ್ಳಿ, ಆಮೇಲೇನು? ಆಪರೇಷನ್ ನಂತರ ಕಾಯಿಲೆ ಮರಳದಂತೆ ತಡೆಯುವ, ಎಲ್ಲರೂ ಒಪ್ಪಿದ ಔಷಧ ಇನ್ನೂ ಇಲ್ಲ. 2023ರಲ್ಲಿ ಅಟೆಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಜೋಡಿ ಆಸೆ ಹುಟ್ಟಿಸಿತ್ತು. ಹೆಚ್ಚು ಕಾಲ ನೋಡಿದಾಗ ಆ ಲಾಭ ಉಳಿಯಲಿಲ್ಲ. ನೆಗೆಟಿವ್ ಬಂದರೂ ಸ್ಕ್ಯಾನ್ ಬಿಡುವಂತಿಲ್ಲ. ಸುಮ್ನೆ ಒಂದು ಚಿಂತೆಯನ್ನೋ ಒಂದು ಸುಳ್ಳು ಧೈರ್ಯವನ್ನೋ ಮನೆಗೆ ತಂದಂತೆ ಆಗುತ್ತದೆ.

ಸ್ಯಾಂಪಲ್‌ನದೂ ಒಂದು ತೊಂದರೆ ಇದೆ. ನೇರಳೆ ಮುಚ್ಚಳದ ಮಾಮೂಲಿ ಟ್ಯೂಬಿನಲ್ಲಿ ತೆಗೆದ ರಕ್ತ ಕೊರಿಯರ್‌ನಲ್ಲಿ ಒಂದೆರಡು ದಿನ ಕಳೆದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಎಲ್ಲ ಕಡೆ ತುಂಬಿಕೊಳ್ಳುತ್ತದೆ. ನಮಗೆ ಬೇಕಾದ ನಾಲ್ಕು ಚೂರು ಅದರಲ್ಲಿ ಮುಳುಗಿಹೋಗುತ್ತದೆ. ಸಂಶೋಧನೆಯ ಭಾಗವಾಗಿ ಉಚಿತವಾಗಿ ಮಾಡುತ್ತೇವೆ ಎಂದರೆ ಮಾತ್ರ ಖಂಡಿತ ರಕ್ತ ಕೊಡಿ. ಮುಂದಿನವರಿಗೆ ಉಪಯೋಗವಾಗುತ್ತದೆ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ನಿಮ್ಮ ಮನೆಯಲ್ಲೇ ಇರುತ್ತದೆ, ತೆಗೆದು ನೋಡಿ. ‘ಮೈಕ್ರೋವ್ಯಾಸ್ಕ್ಯುಲರ್ ಇನ್ವೇಷನ್’ ಎಂಬ ಸಾಲು ಇರುತ್ತದೆ. ಸಣ್ಣ ರಕ್ತನಾಳದೊಳಗೆ ಕ್ಯಾನ್ಸರ್ ನುಗ್ಗಿತ್ತಾ ಅಂತ ಅದು ಹೇಳುತ್ತದೆ. ನುಗ್ಗಿದ್ದರೆ ಮೊದಲ ಎರಡು ವರ್ಷ ತುಂಬಾ ಹುಷಾರಾಗಿರಬೇಕು. ಒಟ್ಟಾರೆ, ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ 5 ವರ್ಷದೊಳಗೆ ಕಾಯಿಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೆದರಿಸಲು ಹೇಳುತ್ತಿಲ್ಲ. ಚಿಕ್ಕದಿದ್ದಾಗ ಸಿಕ್ಕರೆ ಮತ್ತೆ ಆಪರೇಷನ್ ಮಾಡಬಹುದು, ಸೂಜಿ ಹಾಕಿ ಸುಡಬಹುದು. ಅದಕ್ಕೇ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ ತಪ್ಪಿಸಬೇಡಿ. ಟೆಸ್ಟಿನ ದುಡ್ಡು ಇದಕ್ಕಿರಲಿ.

ಎರಡು ವರ್ಷದ ನಂತರ ಬರುವುದು ಹೆಚ್ಚಾಗಿ ಹಳೆಯ ಗಡ್ಡೆಯಲ್ಲ, ಸೊರಗಿದ ಲಿವರ್‌ನಲ್ಲಿ ಹೊಸದಾಗಿ ಹುಟ್ಟಿದ್ದು. ಅದನ್ನು ತಗ್ಗಿಸುವುದು ಹೆಪಟೈಟಿಸ್ ಬಿ ಮಾತ್ರೆ, ಎಂಟೆಕಾವಿರ್ ಅಥವಾ ಟೆನೊಫೊವಿರ್. ‘ಆಪರೇಷನ್ ಆಯ್ತಲ್ಲ, ಇನ್ನೇಕೆ’ ಅಂತ ಇದನ್ನು ಬಿಟ್ಟವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ದಿನಕ್ಕೊಂದೇ ಮಾತ್ರೆ. ನಿಮ್ಮ ತಂದೆಯವರು ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸುವುದು ಬೇಡ.

ಇನ್ನು ನಿಮ್ಮ ವಿಷಯ. ಗಡ್ಡೆಯಲ್ಲಿ ಬಿದ್ದ ಬೀಗ ಮಕ್ಕಳಿಗೆ ಬರುವುದಿಲ್ಲ. ಆದರೆ ಹೆಪಟೈಟಿಸ್ ಬಿ ವೈರಸ್ ಒಂದೇ ಮನೆಯವರಿಗೆ ಹರಡಬಹುದು. ತಾಯಿ, ನೀವು, ಒಡಹುಟ್ಟಿದವರು ಎಲ್ಲರೂ ಎಚ್‌ಬಿಎಸ್‌ಎಜಿ ಪರೀಕ್ಷೆ (ಈ ವೈರಸ್ ಇದೆಯಾ ಎಂದು ನೋಡುವ ರಕ್ತಪರೀಕ್ಷೆ) ಮಾಡಿಸಿ. ನೆಗೆಟಿವ್ ಬಂದವರು ಲಸಿಕೆ ಪಡೆದಿಲ್ಲವಾದರೆ ಮೂರು ಡೋಸ್ ಹಾಕಿಸಿಕೊಳ್ಳಿ. ಪಾಸಿಟಿವ್ ಬಂದವರು ಲಿವರ್ ಡಾಕ್ಟರನ್ನು ಕಾಣಬೇಕು, ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಬೇಕಾ ಎಂದು ಅವರೇ ಹೇಳುತ್ತಾರೆ.