ಫ್ರೂಮ್ ಪಟ್ಟಣದಲ್ಲಿ ಕಸದ ದೂರನ್ನು ಯಾರಿಗೆ ಕೊಡಬೇಕು?

ಇಂಗ್ಲೆಂಡಿನ ಸಾಮರ್‌ಸೆಟ್ ಪ್ರದೇಶದ ಫ್ರೂಮ್‌ಗೆ ಹೊಸದಾಗಿ ಬಂದಿರುವ ನೀವು, ಕಸ ಒಯ್ಯದಿರುವ ಬಗ್ಗೆಯೂ ಪಕ್ಕದ ಮನೆಯವರು ಕಟ್ಟಲಿರುವ ಹೊಸ ಕೋಣೆಯ ಬಗ್ಗೆಯೂ ಟೌನ್ ಕೌನ್ಸಿಲ್‌ಗೆ ದೂರಿದಾಗ ಅದು ತಮ್ಮ ಕೆಲಸವಲ್ಲವೆಂದರು, ಹಾಗಾದರೆ ಮೇಯರ್ ಇರುವುದೇಕೆ ಎಂದು ಕೇಳಿದ್ದೀರಿ.

ಅವರು ಹೇಳಿದ್ದು ಸರಿ. ಹೆಸರು ದೊಡ್ಡದಾದರೂ, ಕಾನೂನಿನ ದೃಷ್ಟಿಯಲ್ಲಿ ಟೌನ್ ಕೌನ್ಸಿಲ್ ಎಂಬುದು ಹಳ್ಳಿಗಳ ಪ್ಯಾರಿಷ್ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ ಅತಿ ಕೆಳಗಿನ ಹಂತದ, ದರ್ಜೆಯದೇ. ಅದರ ಮೇಯರ್‌ರನ್ನು ಸದಸ್ಯರೇ ತಮ್ಮೊಳಗಿಂದ ವರ್ಷಕ್ಕೊಮ್ಮೆ ಆರಿಸುತ್ತಾರೆ, ಮತ್ತು ಆ ಹುದ್ದೆಗೆ ಸಭೆ ನಡೆಸುವ ಗೌರವವಿದೆಯೇ ಹೊರತು ಲಂಡನ್ನಿನ ಮೇಯರ್‌ಗಿರುವಂಥ ಕಾರ್ಯಾಧಿಕಾರವಿಲ್ಲ. ಕಸ, ರಸ್ತೆ, ಶಾಲೆ, ಕಟ್ಟಡ ಪರವಾನಗಿ ಎಲ್ಲವೂ ಸಾಮರ್‌ಸೆಟ್ ಕೌನ್ಸಿಲ್‌ಗೆ ಸೇರಿವೆ. 2023ರ ಏಪ್ರಿಲ್ 1ರವರೆಗೆ ನಡುವೆ ಮೆಂಡಿಪ್ ಜಿಲ್ಲಾ ಕೌನ್ಸಿಲ್ ಎಂಬ ಇನ್ನೊಂದು ಹಂತವಿತ್ತು. ಹಳೆಯ ಪತ್ರಗಳಲ್ಲಿ ಆ ಹೆಸರು ಕಂಡರೆ ಗೊಂದಲಪಡಬೇಡಿ. ಪಕ್ಕದ ಮನೆಯ ಅರ್ಜಿಯ ಮೇಲೆ ಟೌನ್ ಕೌನ್ಸಿಲ್ ಅಭಿಪ್ರಾಯ ತಿಳಿಸಬಹುದು, ತೀರ್ಮಾನಿಸಲಾರದು. ಆದ್ದರಿಂದ ನಿಮ್ಮ ಆಕ್ಷೇಪವನ್ನು ಗಡುವಿನೊಳಗೆ ನೇರವಾಗಿ ಸಾಮರ್‌ಸೆಟ್ ಕೌನ್ಸಿಲ್‌ಗೇ ಬರೆಯಿರಿ.

ಹಾಗೆಂದು ಟೌನ್ ಕೌನ್ಸಿಲ್ ಅಲಂಕಾರಕ್ಕಿರುವುದೆಂದು ನನಗನ್ನಿಸುವುದಿಲ್ಲ. ನಿಮ್ಮ ಕೌನ್ಸಿಲ್ ಟ್ಯಾಕ್ಸ್ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಬಿಲ್ಲಿನಲ್ಲಿ ಅದರ ಪಾಲು ಪ್ರತ್ಯೇಕ ಸಾಲಾಗಿರುತ್ತದೆ. ಆ ಮೊತ್ತವನ್ನು ಅದೇ ನಿರ್ಧರಿಸುತ್ತದೆ. ಫ್ರೂಮ್‌ನಲ್ಲಂತೂ ಪಕ್ಷರಹಿತ ಸ್ಥಳೀಯರ ಗುಂಪೊಂದು 2011ರಲ್ಲಿ ಬಹುಮತ ಪಡೆದು, 2015ರಲ್ಲಿ ಹದಿನೇಳೂ ಸ್ಥಾನಗಳನ್ನು ಗೆದ್ದಿತು. ಅಂದಹಾಗೆ, ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗಳಿಗೂ, ಕಾಮನ್‌ವೆಲ್ತ್ ನಾಗರಿಕರೆಂಬ ಕಾರಣಕ್ಕೆ, ಈ ಚುನಾವಣೆಗಳಲ್ಲಿ ಮತವಿದೆ; ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಿ.