ಹವಳದ ದಿಬ್ಬ ಅಳೆಯುವವರ ಕೆಲಸಕ್ಕೆ ಎಷ್ಟು ತೂಕ?

ನಿಮ್ಮ ಪ್ರಶ್ನೆ ಇದು: ಅಣ್ಣನ ಮಗಳು ಹವಳದ ದಿಬ್ಬಗಳ ಬಗ್ಗೆ ಪಿಎಚ್‌ಡಿ ಮಾಡಲು ಹೊರಟಿದ್ದಾಳೆ, ಮಾರ್ಗದರ್ಶಕರ ಎಚ್-ಇಂಡೆಕ್ಸ್ (ಪ್ರಬಂಧ, ಉಲ್ಲೇಖಗಳನ್ನು ಎಣಿಸಿ ವಿಜ್ಞಾನಿಗೆ ಕೊಡುವ ಅಂಕ) ಅಷ್ಟೇನೂ ದೊಡ್ಡದಲ್ಲ, ಅಂಥವರ ಸಂಶೋಧನೆಯಿಂದ ಯಾರಿಗಾದರೂ ಉಪಯೋಗ ಆಗುತ್ತದೆಯೇ? ಸಮುದ್ರವನ್ನೇ ಕಾಣದ ಕೊಪ್ಪಳದವರು ಅದನ್ನು ತಿಳಿಯುವುದು ಹೇಗೆ?

ನಾನು ಗಂಗಾವತಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆಯವರು ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ಹಾಗಾಗಿ ಮೊದಲು ನಮ್ಮ ಡ್ಯಾಮಿನ ಮಾತು ಹೇಳುತ್ತೇನೆ.

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಹಿಡಿಯುತ್ತಿದ್ದ ನೀರು ಸುಮಾರು 133 ಟಿಎಂಸಿ. ಈಗಿನ ಲೆಕ್ಕ 105.788 ಟಿಎಂಸಿ. ಉಳಿದ ಜಾಗವನ್ನು ಹೂಳು ತಿಂದಿದೆ. ಕೆಲವು ವರ್ಷಗಳಿಗೊಮ್ಮೆ ಯಾರೋ ಹೋಗಿ ತಳದ ಆಳ ಅಳೆದು, ಹಳೆಯ ಅಳತೆಯ ಪಕ್ಕ ಹೊಸದನ್ನು ಬರೆದಿಟ್ಟಿದ್ದರಿಂದ ಈ ಅಂಕಿ ಸಿಕ್ಕಿತು. ಅವರ ಹೆಸರು ಕಾರಟಗಿ, ಸಿಂಧನೂರಿನ ರೈತರಿಗೆ ಗೊತ್ತಿಲ್ಲ. ಆದರೆ ಎರಡನೇ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬ ಚರ್ಚೆ ಬಂದಾಗಲೆಲ್ಲ ಮಾತು ನಿಲ್ಲುವುದು ಆ ಅಂಕಿಯ ಮೇಲೆಯೇ.

ಹವಳವೆಂಬ ಪುಟ್ಟ ಕಡಲಪ್ರಾಣಿಗಳು ಕಟ್ಟುವ ದಿಬ್ಬವನ್ನು ಅಧ್ಯಯನ ಮಾಡುವ ವಿಜ್ಞಾನಿಯ ಕೆಲಸವೂ ಬಹುಮಟ್ಟಿಗೆ ಇದೇ. ಎಂ.ಎಸ್ಸಿ. ಓದುವಾಗ ತಮಿಳುನಾಡಿನ ಮನ್ನಾರ್ ಕೊಲ್ಲಿಯ ಮಂಡಪಂನಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಸಂಶೋಧಕಿಯೊಬ್ಬರು ಹೊಲ ಅಳೆಯುವಂಥದ್ದೇ ಟೇಪನ್ನು ದಿಬ್ಬದ ಮೇಲೆ ಹಾಸಿ, ಅದರ ಕೆಳಗೆ ಬರುವುದನ್ನೆಲ್ಲ ಸೆಂಟಿಮೀಟರ್ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು: ಜೀವಂತ ಹವಳ, ಸತ್ತ ಹವಳ, ಪಾಚಿ, ಮರಳು. ಬರೆಯಲು ಪ್ಲಾಸ್ಟಿಕ್ ಹಲಗೆ, ಅದಕ್ಕೆ ದಾರದಿಂದ ಕಟ್ಟಿದ ಪೆನ್ಸಿಲ್. ದೋಣಿ ಹತ್ತಿದಾಗ ಅವರ ಬೆರಳುಗಳು ದಿನವಿಡೀ ನಾಟಿ ಹಚ್ಚಿದ ಹೆಂಗಸರ ಬೆರಳುಗಳಂತೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಹಲಗೆಯ ಮೇಲಿದ್ದದ್ದು ಎರಡು ಸಾಲು ಅಂಕಿ, ಅಷ್ಟೇ. ಆ ಎರಡು ಸಾಲಿಗೆ ಬೆಲೆ ಬರುವುದು ಮುಂದಿನ ವರ್ಷ, ಹತ್ತು ವರ್ಷಗಳ ಮೇಲೆ, ಇನ್ನೊಬ್ಬರು ಅದೇ ಜಾಗದಲ್ಲಿ ಮತ್ತೆ ಟೇಪು ಹಾಸಿದಾಗ.

ಲಕ್ಷದ್ವೀಪವನ್ನೇ ನೋಡಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಲ್ಲಿನ ದಿಬ್ಬಗಳಿಗೆ ಮತ್ತೆ ಮತ್ತೆ ಹೋಗುತ್ತಿದ್ದಾರೆ. ಆ ವರ್ಷ ಸಮುದ್ರ ಕಾದು ಹವಳಗಳು ಬಿಳಿಚಿದ್ದವು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಣ್ಣವೂ ಅದರದ್ದೇ, ಆಹಾರದ ಹೆಚ್ಚಿನ ಪಾಲೂ ಅದರದ್ದೇ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಕಾದು ಹಲವು ವಾರ ಹಾಗೆಯೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಉಪವಾಸ ಬೀಳುತ್ತದೆ. 2010ರಲ್ಲಿ, 2016ರಲ್ಲಿ ಮತ್ತೆ ಹಾಗಾಯಿತು. 1998ರಲ್ಲಿ ಸುಮಾರು 37 ಶೇಕಡಾ ಇದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು 20 ಶೇಕಡಾಕ್ಕೆ ಇಳಿದಿತ್ತು. ಮೊದಲ ಅಳತೆ ಇಲ್ಲದಿದ್ದರೆ ಈ 20 ಕಂಡು ನಾವು ಮರುಗುವುದಕ್ಕೂ ಕಾರಣವಿರುತ್ತಿರಲಿಲ್ಲ.

ಇಪ್ಪತ್ತನಾಲ್ಕು ವರ್ಷ ಕಾದು ಹೇಳಬೇಕಾದ ಮಾತನ್ನು ಎಚ್-ಇಂಡೆಕ್ಸ್ ಹೇಗೆ ತೂಗೀತು? 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಆ ಅಳತೆ ಎಷ್ಟು ಪ್ರಬಂಧ, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬುದನ್ನಷ್ಟೇ ನೋಡುತ್ತದೆ. ಆಸ್ಟ್ರೇಲಿಯದ ಹೆರಾನ್ ದ್ವೀಪದಲ್ಲಿ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ 1960ರ ದಶಕದ ಆರಂಭದಲ್ಲಿ ಹವಳದ ದಿಬ್ಬದ ಮೇಲೆ ಗುರುತಿಸಿದ ಪುಟ್ಟ ಚೌಕಗಳನ್ನು ಮೂರು ದಶಕಗಳವರೆಗೆ ಗಮನಿಸಿದರು. ನಡುವೆ, 1978ರಲ್ಲಿ, ತೀರಾ ಹೆಚ್ಚೂ ಅಲ್ಲದ ತೀರಾ ಕಡಿಮೆಯೂ ಅಲ್ಲದಷ್ಟು ಬಿರುಗಾಳಿಯಂಥ ಹೊಡೆತ ಬೀಳುವ ಕಡೆಯೇ ಹೆಚ್ಚು ಬಗೆಯ ಜೀವಿಗಳು ಬಾಳುತ್ತವೆ ಎಂಬ ವಿಚಾರ ಮಂಡಿಸಿದರು. ಅದು ಲೆಕ್ಕವಿಲ್ಲದಷ್ಟು ಸಲ ಉಲ್ಲೇಖಗೊಂಡಿತು. ನನಗೆ ಮಾತ್ರ ಅವರ ಚೌಕಗಳ ಮೇಲೆಯೇ ಹೆಚ್ಚು ಗೌರವ.

ಅಳೆದ ಮಾತ್ರಕ್ಕೆ ಹವಳ ಉಳಿಯುತ್ತದೆ ಎಂದು ನಾನು ಹೇಳಲಾರೆ. 2016ರಲ್ಲಿ ಹವಳ ವಿಜ್ಞಾನಿ ಟೆರ್ರಿ ಹ್ಯೂಸ್ ಅವರ ತಂಡ ವಿಮಾನದಿಂದ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ 911 ದಿಬ್ಬಗಳನ್ನು ಪರೀಕ್ಷಿಸಿದಾಗ ಬಿಳಿಚುವಿಕೆಯಿಂದ ಪೂರ್ತಿ ಪಾರಾಗಿದ್ದದ್ದು 7 ಶೇಕಡಾ ಮಾತ್ರ. ಜಗತ್ತೆಲ್ಲ ಆ ಸುದ್ದಿ ಓದಿತು. 2024ರಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ಘೋಷಣೆಯಾಯಿತು. ಭೂಮಿಯ ತಾಪ 1.5 ಡಿಗ್ರಿ ಏರಿದರೆ 70ರಿಂದ 90 ಶೇಕಡಾ ಹವಳ ನಾಶ, 2 ಡಿಗ್ರಿ ಏರಿದರೆ 99 ಶೇಕಡಾಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2018ರಲ್ಲಿ ಎಚ್ಚರಿಸಿದ್ದು ಇಂಥ ಅಧ್ಯಯನಗಳ ಬಲದಿಂದಲೇ. ನಮ್ಮ ಶಕ್ತಿನಗರದ, ಕುಡಿತಿನಿಯ ವಿದ್ಯುತ್ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲಿನ ಪಾಲೂ ಆ ತಾಪದಲ್ಲಿದೆ. ನಾವು ಸಮುದ್ರ ಕಾಣದವರು ನಿಜ, ಸಮುದ್ರಕ್ಕೆ ಸಂಬಂಧವಿಲ್ಲದವರಲ್ಲ.

ಸ್ಥಳೀಯವಾಗಿ ಫಲ ಕೊಟ್ಟದ್ದೂ ಇದೆ. ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಮನ್ನಾರ್ ಕೊಲ್ಲಿಯಲ್ಲಿ ಹವಳವನ್ನು ಕಿತ್ತು ಒಯ್ಯುತ್ತಿದ್ದ ಕಾಲವಿತ್ತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದಕ್ಕೆ ಸೇರಿ, ಹುಲಿಗೆ ಸಿಗುವ ರಕ್ಷಣೆಯೇ ಅವಕ್ಕೂ ದೊರೆಯಿತು.

ಆದ್ದರಿಂದ ಹುಡುಗಿ ಮಾರ್ಗದರ್ಶಕರನ್ನು ಎರಡು ವಿಷಯ ಕೇಳಲಿ. ನೀವು ಅಳೆಯುವ ಅತಿ ಹಳೆಯ ಜಾಗ ಯಾವುದು, ಕೊನೆಯ ಬಾರಿ ಅಲ್ಲಿಗೆ ಹೋದದ್ದು ಯಾವಾಗ? ನಾನು ಬಿಟ್ಟು ಹೋದ ಮೇಲೆ ಆ ಟೇಪನ್ನು ಯಾರು ಹಿಡಿಯುತ್ತಾರೆ? ಇದಕ್ಕೆ ಅವರು ತಡವರಿಸದೆ ಉತ್ತರ ಕೊಟ್ಟರೆ, ಧೈರ್ಯವಾಗಿ ಕಳುಹಿಸಿ.